ಊರಿಗೆ ಕಾಮಾಲೆ ಎಂದು ಹೇಳಿದೆವು

ನಾನು ಸೊಸೆಯಾಗಿ ಹೋದ ಬ್ಯಾಡಗಿಯ ಮನೆಯಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ಕನ್ಯೆ ನೋಡಲು ಬಂದ ದಿನವೇ ಈ ಸಂಗತಿಯನ್ನು ನಮ್ಮಪ್ಪನ ಕಿವಿಗೆ ಹಾಕಿದ್ದರು. ಮದುವೆಯಾದ ಮೇಲೆ ಹಬ್ಬ ಹುಣ್ಣಿಮೆಗೊಮ್ಮೆ ನನ್ನ ಕಿವಿಗೂ ಹಾಕುತ್ತಿದ್ದರು. ಓಣಿಯಲ್ಲಿ ಯಾರಾದರೂ ತೂರಾಡುತ್ತ ಹೋದರೆ ನಮ್ಮ ಅತ್ತೆ ಬಾಗಿಲು ಮುಂದೆ ಮಾಡಿ, ಅವನು ತಿರುವು ದಾಟುವವರೆಗೂ ಸಂದಿಯಿಂದ ಮನಸಾರೆ ನೋಡಿ, ಆಮೇಲೆ ಕಟ್ಟೆಗೆ ನೀರು ಹಾಕುತ್ತಿದ್ದರು. ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ತಮ್ಮ ಮೆಣಸಿನಕಾಯಿ ದಲಾಲಿ ಅಂಗಡಿಗೆ ಬಂದವರಿಗೆಲ್ಲ, "ನಮ್ಮ ಮನ್ಯಾಗ ಒಂದು ಬೀಡಿ ಹೊಗಿ ಸುದ್ದಾ ಎದ್ದಿಲ್ಲ," ಎನ್ನುತ್ತಿದ್ದರು. ಅವರು ಹೀಗೆ ಅನ್ನುತ್ತಿದ್ದ ಕಾಲಕ್ಕೆ ಅದೇ ಮನೆಯ ಮಹಡಿಯ ಮೇಲೆ ಅವರ ತಮ್ಮ ಹೆರಾಯಿನ್ ಹೊಗೆ ಎಳೆಯಲು ಶುರುಮಾಡಿ ವರ್ಷ ಕಳೆದಿತ್ತು. ಬೀಡಿ ಹೊಗೆ ಎದ್ದಿರಲಿಲ್ಲ, ಆ ಮಟ್ಟಿಗೆ ಅವರ ಮಾತು ಖರೇ.

ಆ ತಮ್ಮ ನನ್ನ ಗಂಡ. ಎದುರಿಗೆ ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತೇನೆ. ಬರೆಯುವಾಗ ಏಕವಚನ ಸಾಕು. ಆ ವರ್ಷಗಳಿಗೆ ಅದಕ್ಕಿಂತ ಹೆಚ್ಚು ಮರ್ಯಾದೆ ಕೊಡುವ ಮನಸ್ಸಿಲ್ಲ. ಮೆಣಸಿನಕಾಯಿ ಪರೀಕ್ಷೆ ಮಾಡುವುದು ಅವನ ಕೆಲಸ. ದೊಡ್ಡ ಖರೀದಿದಾರರೊಬ್ಬರ ಪರವಾಗಿ ಮಾರುಕಟ್ಟೆಯಲ್ಲಿ ರಾಶಿಯಿಂದ ರಾಶಿಗೆ ನಡೆದು, ಒಂದು ಕಾಯಿ ಎತ್ತಿ, ಮುರಿದು, ಬೆರಳಿಗೆ ಹತ್ತಿದ ಬಣ್ಣ ನೋಡಿ, ಇದು ಈ ವರ್ಷದ ಡಬ್ಬಿ ತಳಿಯ ಕಾಯಿ, ಇದು ಹೋದ ವರ್ಷದ್ದನ್ನು ಕೋಲ್ಡ್ ಸ್ಟೋರೇಜಿನಿಂದ ತೆಗೆದು ತಂದದ್ದು ಎಂದು ಹೇಳಿಬಿಡುತ್ತಿದ್ದ. ಅವನ ಬೆರಳು ಸುಳ್ಳು ಹೇಳುವುದಿಲ್ಲ ಎಂಬ ಹೆಸರಿತ್ತು. ಬಾಯಿಯ ಬಗ್ಗೆ ಯಾರೂ ಹಾಗೆ ಅಂದದ್ದು ನೆನಪಿಲ್ಲ.

ಸುಗ್ಗಿ ಮುಗಿದ ಮೇಲೆ ಒಂದೆರಡು ತಿಂಗಳು ಅವನು ಮುಂಬೈ ಹತ್ತಿರದ ಗೋದಾಮಿಗೆ ಹೋಗುತ್ತಿದ್ದ. ಒಂದು ವರ್ಷ ಅಲ್ಲಿ ಚೀಲ ಒಟ್ಟಿದ ಥಪ್ಪಿಯ ಮೇಲಿಂದ ಜಾರಿ ಸೊಂಟಕ್ಕೆ ಮುರಿದಷ್ಟು ಪೆಟ್ಟು ಮಾಡಿಕೊಂಡ. ಮನೆಗೆ ಹೇಳಲಿಲ್ಲ. ಅಲ್ಲೊಬ್ಬ ಲಾರಿ ದಲ್ಲಾಳಿ, ನೋವಿಗೆ ಒಳ್ಳೆಯದೆಂದು ಕಂದು ಬಣ್ಣದ ಪುಡಿ ಕೊಟ್ಟನಂತೆ. ಆ ಮೊದಲ ಸಲದ ಬಗ್ಗೆ ಎಷ್ಟೋ ಕಾಲದ ಮೇಲೆ ಅವನು ನನಗೆ ಹೇಳಿದ್ದು ಇಷ್ಟೇ: "ಮೈತುಂಬ ಬಿಸಿ ನೀರು ಸುರಿದಂಗಾತು. ಸೊಂಟ ಅಷ್ಟ ಅಲ್ಲ, ಏನೂ ನೋಯಲಿಲ್ಲ. ಅಂಥಾದ್ದು ಮತ್ತ ಎಂದೂ ಆಗಲಿಲ್ಲ. ಅದನ್ನ ಹುಡಕ್ಕೋತ ಹೋದೆ." ಹುಡುಕುತ್ತ ಹೋದವನು ಊರಿಗೆ ಬರುವಾಗ ಪುಡಿಯನ್ನೂ ತಂದ. ಅದು ಮುಗಿದ ಮೇಲೆ, ಮೆಣಸಿನಕಾಯಿ ಹೇರಿಕೊಂಡು ಹೋದ ಲಾರಿಗಳಲ್ಲಿ ಯಾವುದೋ ಒಂದು ವಾಪಸು ಬರುವಾಗ ಅವನಿಗೆ ಬೇಕಾದದ್ದನ್ನು ತರುತ್ತಿತ್ತು.

ಈ ಚಟವನ್ನು ಬಚ್ಚಿಡಲು ಬ್ಯಾಡಗಿಗಿಂತ ಒಳ್ಳೆಯ ಊರು ಭೂಮಿಯ ಮೇಲಿಲ್ಲ. ಹೆರಾಯಿನ್ ಮೈಯಿಂದ ಇಳಿಯತೊಡಗಿದಾಗ ಮೂಗು ಸೋರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಸೀನಿನ ಮೇಲೆ ಸೀನು. ನಮ್ಮೂರಲ್ಲಿ ಎಲ್ಲರೂ ಸೀನುತ್ತಾರೆ. ಬಸ್ಸಿನಿಂದ ಇಳಿದ ಪರಊರವರು ಸೀನುತ್ತಾರೆ, ತೊಟ್ಟು ಬಿಡಿಸುವ ಹೆಂಗಸರು ಸೆರಗು ಮೂಗಿಗೆ ಕಟ್ಟಿಕೊಂಡೇ ಸೀನುತ್ತಾರೆ. "ಘಾಟು ಬಡದೈತಿ," ಎಂದು ಅವನು ಕರ್ಚೀಫು ಹಿಡಿದರೆ ಮುಗಿಯಿತು. ಘಾಟಿನಲ್ಲೇ ಹುಟ್ಟಿ ಬೆಳೆದ ಮೂಗು ಮೂವತ್ತೆಂಟನೆಯ ವಯಸ್ಸಿನಲ್ಲಿ, ಅದೂ ಮಾರುಕಟ್ಟೆ ಖಾಲಿ ಇರುವ ಶ್ರಾವಣದಲ್ಲಿ ಯಾಕೆ ಸೋರಬೇಕು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಕೇಳಬೇಕಾಗಿದ್ದವಳು ನಾನು. ಅದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರತಿ ವರ್ಷ ಕಣ್ಣಿನ ಪಾಠ ಮಾಡುವಾಗ ಒಂದು ಹುಡುಗಿಯನ್ನು ಮುಂದೆ ಕರೆದು, ಟಾರ್ಚ್ ಹಾಕಿ, ಬೆಳಕಿನಲ್ಲಿ ಪಾಪೆ ಕುಗ್ಗುತ್ತದೆ, ಕತ್ತಲಲ್ಲಿ ಹಿಗ್ಗುತ್ತದೆ ಎಂದು ತೋರಿಸುತ್ತೇನೆ. ಒಂದು ಮಳೆಗಾಲದ ಮಧ್ಯಾಹ್ನ ಕರೆಂಟು ಹೋಗಿ ಕೋಣೆಯೆಲ್ಲ ಮಬ್ಬಾಗಿದ್ದಾಗ ನನ್ನ ಗಂಡನ ಪಾಪೆಗಳು ಸಾಸಿವೆ ಕಾಳಿನಷ್ಟಿದ್ದವು. ನೋಡಿದೆ. "ಕಣ್ಣಿನ ಡಾಕ್ಟರಿಗೆ ತೋರಸ್ರಿ, ನಂಬರ್ ಬದಲಾಗಿರಬೇಕು," ಎಂದೆ. ಬಿ.ಎಸ್ಸಿ., ಬಿ.ಎಡ್. ಓದಿದ ತಲೆ.

ಸತ್ಯ ಹೊರಬಿದ್ದದ್ದು ಹಾಸಿಗೆಯಿಂದ. ನಮ್ಮ ಗಾದಿಯ ಹತ್ತಿ ಗಂಟುಗಂಟಾಗಿತ್ತು. ಪಕ್ಕದ ಓಣಿಯಲ್ಲಿ ಗಾದಿ ಹೊಲಿಯುವವನೊಬ್ಬನಿದ್ದ. ಮುಸಲ್ಮಾನ, ಐವತ್ತು ದಾಟಿದವನು, ಮಾತು ಕಡಿಮೆ. ಹತ್ತಿ ಬಿಡಿಸಿ ಮತ್ತೆ ತುಂಬಿಕೊಡಲು ಅವನಿಗೆ ಕಳಿಸಿದ್ದೆ. ಶಾಲೆ ಬಿಟ್ಟು ಬರುವಾಗ ಕರೆದ. ಒಳಗೆ ಹೋದಮೇಲೆ ಶಟರ್ ಅರ್ಧ ಇಳಿಸಿ, ಒಂದು ಹಳೆಯ ಪತ್ರಿಕೆಯ ಮೇಲೆ ಇಟ್ಟಿದ್ದನ್ನು ತೋರಿಸಿದ. ಬೆಳ್ಳಿ ಹಾಳೆಯ ತುಂಡುಗಳು, ಒಂದು ಹಿಡಿಯಷ್ಟು. ನಾನು ಚಪಾತಿ ಸುತ್ತಲು ತರುತ್ತಿದ್ದ ಹಾಳೆಯೇ. ಪ್ರತಿ ತುಂಡಿನ ಮೇಲೂ ಕಪ್ಪು ಗೆರೆ, ಬಸವನಹುಳು ಹರಿದಂತೆ.

"ಹೊಲಿಗಿ ಬಿಚ್ಚಿ ಹತ್ತ್ಯಾಗ ತುರುಕ್ಯಾರ್ರಿ," ಎಂದ.

"ಯಾರೋ ಮಾಟ ಮಾಡ್ಸ್ಯಾರ ಅನ್ಸತೈತಿ," ಎಂದೆ. ಈ ಮಾತು ನನ್ನ ಬಾಯಿಂದ ಬಂತು. ಮೌಢ್ಯದ ವಿರುದ್ಧ ಮಕ್ಕಳಿಂದ ಪ್ರಬಂಧ ಬರೆಸುವ ಬಾಯಿ.

"ಮಾಟ ಅಲ್ರಿ ಟೀಚರ್ರ. ಇದು ಬ್ರೌನ್ ಶುಗರ್ ಸುಟ್ಟ ಗುರುತು. ಹೆರಾಯಿನ್ನ ಹೊಲಸು ರೂಪ. ನಾನು ಮುಂಬೈದಾಗ ಎಂಟು ವರ್ಷ ಹೊಲಿಗಿ ಕೆಲಸಕ್ಕಿದ್ದೆ. ಅದರಾಗ ಐದು ವರ್ಷ ಇದನ್ನ ಎಳದೇನಿ. ನನ್ನ ಜೋಡಿ ಎಳದವರು ನಾಲ್ಕು ಮಂದಿ. ಈಗ ಒಬ್ಬಾಂವನೂ ಇಲ್ಲ."

ನಾನು ನಿಂತೇ ಇದ್ದೆ. ಕೂಡಲು ಸ್ಟೂಲು ಕೊಟ್ಟ, ಕೂಡಲಿಲ್ಲ.

"ಮೊದಲನೇ ತಿಂಗಳ ಸುಖಕ್ಕ ಎಳಿತಾರ್ರಿ. ಆಮ್ಯಾಲೆ ಸುಖ ಇಲ್ಲ ಏನಿಲ್ಲ. ಎಳೀಲಿಲ್ಲಂದ್ರ ಮೈ ಮುರಿತೈತಿ, ಹೊಟ್ಟಿ ಕಿತ್ಗೊಂಡು ಬರತೈತಿ. ಆ ನರಕ ತಪ್ಪಸ್ಗೊಳ್ಳಾಕ ಎಳೀಬೇಕು. ಅವರಿಗೆ ಬೈದ್ರ ಏನೂ ಆಗೂದಿಲ್ಲ. ಕೋಣ್ಯಾಗ ಕೂಡಿ ಹಾಕಬ್ಯಾಡ್ರಿ. ಹಾವೇರಿ ಆಸ್ಪತ್ರಿಗೆ ಕರ್ಕೊಂಡು ಹೋಗ್ರಿ, ಅಲ್ಲಿ ಮನಸ್ಸಿನ ಡಾಕ್ಟರ್ ಅದಾರ, ಔಷಧ ಐತಿ. ಇನ್ನೊಂದು ಮಾತು ನೆನಪಿಡ್ರಿ. ಒಂದಿಷ್ಟು ದಿನ ಬಿಟ್ಟು ಮತ್ತ ಮೊದಲಿನಷ್ಟ ಎಳದ್ರ ಆ ಅಳತಿ ಮೈ ತಡಿಯೂದಿಲ್ಲ. ಉಸಿರು ನಿಂತು ಹೋಗತೈತಿ. ನನ್ನ ದೋಸ್ತರು ಚಟದಾಗ ಸಾಯಲಿಲ್ಲ. ಬಿಟ್ಟು ಬಂದ ಮ್ಯಾಲೆ ಸತ್ರು."

ನಾನು ಹಾಳೆಗಳನ್ನು ಆ ಪತ್ರಿಕೆಯಲ್ಲೇ ಸುತ್ತಿಕೊಂಡು ಹೊರಟುಬಂದೆ. ದಾರಿಯುದ್ದಕ್ಕೂ ನನಗೆ ಸಿಟ್ಟಿದ್ದದ್ದು ಗಂಡನ ಮೇಲಲ್ಲ, ಇವನ ಮೇಲೆ. ಹತ್ತಿ ತುಂಬುವವನು, ತಾನೇ ಚಟಗಾರನಾಗಿದ್ದವನು, ನನಗೆ ಪಾಠ ಹೇಳುತ್ತಾನೆ ಎಂದು. ಆ ಸೊಕ್ಕು ಎಷ್ಟು ದುಬಾರಿಯದು ಎಂದು ಆಗ ತಿಳಿದಿರಲಿಲ್ಲ.

ಮನೆಗೆ ಬಂದು ಗಂಡನ ಮುಂದೆ ಹಾಳೆ ಚೆಲ್ಲಿದೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟು, ತನಗೇನೂ ಗೊತ್ತಿಲ್ಲ ಎಂದು ಆಣೆ ಮಾಡಿದ. ಆಣೆ ಮಾಡುವಾಗಲೇ ಮೂಗಿನಿಂದ ನೀರಿಳಿದು ತುಟಿಗೆ ಬಂತು. ಸಂಜೆಯೊಳಗೆ ಒಪ್ಪಿಕೊಂಡ. ಮರುದಿನ ನಮ್ಮ ಭಾವನಿಗೆ ಗೊತ್ತಾಯಿತು. ಅಂದಿನಿಂದ ಆ ರೋಗಕ್ಕೆ ಮನೆಯಲ್ಲಿ ದಿನಕ್ಕೊಂದು ಕಾರಣ ಹುಟ್ಟಿತು. ನಮಗೆ ಮಕ್ಕಳಿಲ್ಲದ ಚಿಂತೆ ಎಂದರು. ಹೆಂಡತಿ ನೌಕರಿ ಮಾಡಿದರೆ ಗಂಡಸಿನ ಮನಸ್ಸು ಮುರಿಯುತ್ತದೆ ಎಂದರು. ಶನಿ ಎಂದರು. ಪುಡಿ ಎಂದು ಮಾತ್ರ ಯಾರೂ ಅನ್ನಲಿಲ್ಲ. ಅತ್ತೆ ಅವನನ್ನು ಗಳಗನಾಥಕ್ಕೆ ಕರೆದೊಯ್ದು ತುಂಗಭದ್ರೆ ವರದೆ ಕೂಡುವಲ್ಲಿ ಮೂರು ಮುಳುಗು ಹಾಕಿಸಿಕೊಂಡು ಬಂದರು. ಅವನು ಒದ್ದೆ ಪಂಚೆಯಲ್ಲೇ ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡ.

ಆಮೇಲೆ ಭಾವ, "ನಾನು ಬಿಡಸ್ತೇನಿ, ನೋಡ್ಕೋತ ಇರ್ರಿ," ಎಂದು ಹಿತ್ತಿಲ ಕೋಣೆಯಲ್ಲಿ ಅವನನ್ನು ಕೂಡಿಹಾಕಿದರು. ನಾನು ಹಾವೇರಿಯ ಮಾತು ಎತ್ತಿದೆ, ಇಲ್ಲವೆಂದಲ್ಲ. "ಸರಕಾರಿ ಆಸ್ಪತ್ರ್ಯಾಗ ಹೆಸರು ಬರಸಿ ಮನೆತನದ ಮರ್ಯಾದಿ ಕಳಿಬೇಕೇನು? ಪೊಲೀಸರು ಬಂದ್ರ ನೀನು ಮಾತಾಡ್ತಿಯೇನು?" ಎಂದರು. ಹಾವೇರಿಯ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ನಾಲ್ಕು ದಿನ ಆ ಕೋಣೆಯಲ್ಲಿ ನಡೆದದ್ದು ಮನುಷ್ಯರು ನೋಡುವಂಥದ್ದಲ್ಲ. ವಾಂತಿ, ಭೇದಿ. ಮೈಯೆಲ್ಲ ಮುಳ್ಳೆದ್ದು, ಸುಲಿದ ಕೋಳಿಯ ಚರ್ಮದಂತಾಗಿತ್ತು. ಮಲಗಿದಲ್ಲೇ ಕಾಲುಗಳು ತಾವಾಗಿ ಝಾಡಿಸುತ್ತಿದ್ದವು, ಹಿಮ್ಮಡಿಗಳು ಬಡಿದು ಬಡಿದು ಸುಲಿದಿದ್ದವು. ಅತ್ತೆ ಬಾಗಿಲ ಹೊರಗೆ ಜಪ ಮಾಡುತ್ತಿದ್ದರು. ಓಣಿಯವರು ಕೇಳಿದಾಗ ಕಾಮಾಲೆ ಎಂದೆವು. ಭಾವ ಹೇಳಿಕೊಟ್ಟ ಸುಳ್ಳು ಅದು. ನಾನೂ ಶಾಲೆಯಲ್ಲಿ ಅದನ್ನೇ ಹೇಳಿದೆ; ಸಹೋದ್ಯೋಗಿಯೊಬ್ಬರು ಕರುಣೆಯಿಂದ ನೆಲನೆಲ್ಲಿ ಬೇರು ತಂದುಕೊಟ್ಟರು.

ಐದನೆಯ ದಿನ ಕಿಟಕಿಯ ಸರಳು ಕಿತ್ತು ಹೋದ. ಎರಡು ದಿನದ ಮೇಲೆ ಹುಬ್ಬಳ್ಳಿಯಲ್ಲಿ ಸಿಕ್ಕ, ನೆಮ್ಮದಿಯ ಮುಖ ಮಾಡಿಕೊಂಡು. ಆಗ ಭಾವ ಯಾರದೋ ಮಾತು ಕೇಳಿ ದೂರದ ಊರಿನ ಒಂದು ಖಾಸಗಿ ಕೇಂದ್ರಕ್ಕೆ ಹಾಕಿದರು. ಆ ಕೇಂದ್ರದ ಒಡೆಯ ಬಿಳಿ ಬಟ್ಟೆ ತೊಟ್ಟ ದಪ್ಪ ಮನುಷ್ಯ. ಡಾಕ್ಟರೇ ಎಂದು ಕೇಳಿದ್ದಕ್ಕೆ, "ಇವರಿಗೆ ಡಾಕ್ಟರ್ ಬೇಕಾಗಿಲ್ಲಮ್ಮ, ಶಿಸ್ತು ಬೇಕು," ಎಂದ. ಶಿಸ್ತು ಎಂದರೆ ಏನೆಂದು ಗಂಡನ ಬೆನ್ನಿನ ಮೇಲೆ ಆಮೇಲೆ ನೋಡಿದೆ. ತಲೆ ಬೋಳಿಸುವುದು, ನಸುಕಿನಲ್ಲಿ ತಣ್ಣೀರು ಎರಚುವುದು, ಎದುರು ಮಾತಾಡಿದರೆ ಪೈಪಿನಿಂದ ಬಾರಿಸುವುದು. ಈ ಚಿಕಿತ್ಸೆಗೆ ಒಪ್ಪಿಗೆ ಇದೆ ಎಂದು ಸಹಿ ಮಾಡಿದ್ದು ನಾನು. ಓದದೆ ಮಾಡಿದೆ.

ಮೂರು ತಿಂಗಳಾದ ಮೇಲೆ ಅವನು ಮೈಕೈ ತುಂಬಿಕೊಂಡು ಬಂದ. ಮನೆಯಲ್ಲಿ ಹೋಳಿಗೆಯೂಟ. "ಹೆಂಗ ಸೀದಾ ಮಾಡಿದೆ ನೋಡು," ಎಂದು ಭಾವ ಅವನ ಬೆನ್ನು ತಟ್ಟಿದರು. ಪೈಪಿನ ಗುರುತಿದ್ದ ಬೆನ್ನು. ಅವನು ನಕ್ಕ. ಕಾಮಾಲೆ ವಾಸಿಯಾಯಿತೆಂದು ಓಣಿಯವರೂ ಬಂದು ಮಾತಾಡಿಸಿಕೊಂಡು ಹೋದರು. ಎಲ್ಲರೂ ಅವನಿಗೆ ಬುದ್ಧಿ ಹೇಳಿದರು. ಒಂದೇ ಒಂದು ಮಾತು, ಮತ್ತೆ ಮೊದಲಿನಷ್ಟೇ ಎಳೆದರೆ ಮೈ ತಡೆಯದೆ ಉಸಿರು ನಿಲ್ಲುತ್ತದೆ ಎಂಬ ಮಾತು, ಯಾರೂ ಹೇಳಲಿಲ್ಲ. ಆ ಮನೆಯಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ನಾನು ಅದನ್ನು ನಂಬಿರಲಿಲ್ಲ ಎಂದಲ್ಲ. ಹೇಳಿದವನು ಗಾದಿಯವನು ಎಂದು ಆ ಮಾತನ್ನು ಅವನ ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ.

ಹನ್ನೊಂದನೆಯ ದಿನ. ಶಾಲೆಯಲ್ಲಿ ಪರೀಕ್ಷೆ, ಮಧ್ಯಾಹ್ನವೇ ಮನೆಗೆ ಬಂದೆ. ಮಹಡಿಗೆ ಹೋದರೆ ಅವನು ಗೋಡೆಗೆ ಒರಗಿ ಕೂತಿದ್ದ, ಗದ್ದ ಎದೆಗೆ ಹತ್ತಿತ್ತು. ಮುಂದೆ ಬೆಳ್ಳಿ ಹಾಳೆ. ಗಂಟಲಿನಿಂದ ಗೊರಗೊರ ಸದ್ದು ಬರುತ್ತಿತ್ತು, ಅದೂ ಬಹಳ ಹೊತ್ತಿಗೊಮ್ಮೆ. ತುಟಿಗಳು ನೇರಳೆ ಹಣ್ಣು ತಿಂದಂತೆ ಇದ್ದವು. ಕರೆದೆ, ಹೊಡೆದೆ, ಏಳಲಿಲ್ಲ. ಊಟಕ್ಕೆ ಬಂದಿದ್ದ ಭಾವ ಮೇಲೆ ಬಂದು ಬಾಗಿಲಲ್ಲೇ ನಿಂತರು.

"ಗೊರಕಿ ಹೊಡ್ಯಾಕತ್ತಾನ. ನಿದ್ದಿ ಮಾಡಿದ್ರ ಇಳಿತೈತಿ, ಬಿಡು."

"ಆಂಬುಲೆನ್ಸಿಗೆ ಫೋನ್ ಮಾಡ್ತೇನಿ."

"ಮಾಡಬ್ಯಾಡ. ಅದು ಹೊಯ್ಕೋತ ಓಣಿಗೆ ಬಂದ್ರ ಊರಿಗೆಲ್ಲಾ ಗೊತ್ತಾಕೈತಿ," ಎಂದು ನನ್ನ ಕೈಯ ಫೋನಿಗೆ ಕೈ ಹಾಕಿದರು.

ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನಾನು ಅವರನ್ನು ತಳ್ಳಿದೆ. ಫೋನ್ ಮಾಡಿ, ಮೆಟ್ಟಿಲಿಳಿದು ಪಕ್ಕದ ಓಣಿಗೆ ಓಡಿದೆ. ಗಾದಿಯವನು ಹೊಲಿಯುತ್ತ ಕೂತಿದ್ದ. "ಉಸಿರು ನಿಲ್ಲಾಕತ್ತೈತಿ," ಎಂದಷ್ಟೇ ಅಂದೆ. ದಬ್ಬಣ ಬಿಟ್ಟು ಎದ್ದು ಬಂದ. ಅವನ ಹೆಜ್ಜೆ ಎಂದೂ ಬೀಳದ ನಮ್ಮ ಮನೆಯ ಮಹಡಿ ಹತ್ತಿದ. ನನ್ನ ಗಂಡನನ್ನು ನೆಲಕ್ಕೆ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಉಸಿರು ಊದಿದ. ಎದೆ ಏರಿತು, ಇಳಿಯಿತು. ಮತ್ತೆ ಊದಿದ. ಕೆಳಗೆ ಅತ್ತೆ, "ಯಾರಂವ ಮ್ಯಾಲೆ ಹೋದಾಂವ?" ಎಂದು ಕೇಳುತ್ತಿದ್ದರು. ಆಂಬುಲೆನ್ಸ್ ಬರುವವರೆಗೂ ಅವನು ಬಿಡಲಿಲ್ಲ. ಸ್ಟ್ರೆಚರ್ ಇಳಿಸುವಾಗ ಓಣಿಯ ಪ್ರತಿ ಬಾಗಿಲ ಸಂದಿಯಲ್ಲೂ ಒಂದೊಂದು ಕಣ್ಣಿತ್ತು.

ಹಾವೇರಿಯ ಆಸ್ಪತ್ರೆಯಲ್ಲಿ ಆ ವಿಷಕ್ಕೆ ವಿರುದ್ಧದ ಇಂಜೆಕ್ಷನ್ ಕೊಟ್ಟರು. ಎರಡು ಮೂರು ನಿಮಿಷದಲ್ಲಿ ಕಣ್ಣು ಬಿಟ್ಟ. ಸತ್ತು ಬದುಕಿದವನು ಮೊದಲು ಮಾಡಿದ ಕೆಲಸ ಎಂದರೆ ನರ್ಸಿಗೆ ಹೊಲಸು ಬೈದದ್ದು. ಎರಡನೆಯದು ನನ್ನ ಸೀರೆಯ ಮೇಲೆ ವಾಂತಿ. ಹಿಂದೆಯೇ ಕಾರಿನಲ್ಲಿ ಬಂದಿದ್ದ ಭಾವ, "ಎಚ್ಚರಾತಲ್ಲ, ಮನಿಗೆ ಒಯ್ತೇವಿ. ಇಲ್ಲಿದ್ರ ಮರ್ಯಾದಿ ಹೋಗತೈತಿ," ಎಂದರು. ಅಲ್ಲಿ ಮನೋವೈದ್ಯೆ ಒಬ್ಬರಿದ್ದರು, ನನಗಿಂತ ಚಿಕ್ಕವರು.

"ಒಯ್ಯೂದಾದ್ರ ಒಯ್ರಿ," ಎಂದರು ಆಕೆ, ಬರೆಯುತ್ತಿದ್ದ ಕಾಗದದಿಂದ ತಲೆಯೆತ್ತದೆ. "ಈ ಇಂಜೆಕ್ಷನ್ನಿನ ಜೋರು ತಾಸೊಪ್ಪತ್ತಿನ್ಯಾಗ ಇಳಿತೈತಿ. ಹೆರಾಯಿನ್ ಇನ್ನೂ ಮೈಯಾಗ ಐತಿ. ದಾರ್ಯಾಗ ಮತ್ತ ಉಸಿರು ಕಟ್ಟಿದ್ರ ನಿಮ್ಮ ಮರ್ಯಾದಿ ಊದಿ ಉಸಿರು ಕೊಡ್ರಿ."

ಭಾವ ಹೊರಗೆ ಹೋಗಿ ಕಾರಿನಲ್ಲಿ ಕೂತರು. ನನ್ನ ಸರದಿ ಬಂತು. ಮೂರು ತಿಂಗಳು ಬಿಟ್ಟವನು ಹಳೆಯ ಪ್ರಮಾಣವನ್ನೇ ತೆಗೆದುಕೊಂಡಿದ್ದಾನೆ, ಅದು ಅಪಾಯ ಎಂದು ಅವನಿಗೆ ಯಾರೂ ಹೇಳಿರಲಿಲ್ಲವೇ ಎಂದು ಕೇಳಿದರು.

"ನನಗ ಗೊತ್ತಿತ್ರಿ," ಎಂದೆ.

"ಅವರಿಗೆ ಹೇಳಿದ್ರೇನು?"

"ಇಲ್ಲ."

ಆಕೆ ಅದನ್ನೂ ಕಾಗದದಲ್ಲಿ ಬರೆದುಕೊಂಡರು. ಬೈದಿದ್ದರೆ ನನಗೆ ಒಂದಿಷ್ಟು ಹಗುರವಾಗುತ್ತಿತ್ತು. ಅವನನ್ನು ಎರಡು ದಿನ ಅಲ್ಲಿಯೇ ಇಟ್ಟುಕೊಂಡರು. ನಮ್ಮ ಜೊತೆ ಆಂಬುಲೆನ್ಸಿನಲ್ಲೇ ಬಂದಿದ್ದ ಗಾದಿಯವನು ಬಾಗಿಲ ಹೊರಗಿನ ಬೆಂಚಿನ ಮೇಲೆ ಆ ಸಂಜೆಯವರೆಗೆ ಕೂತಿದ್ದ. ಚಹಾ ಕೊಟ್ಟು, ಅವತ್ತು ನಿಮ್ಮ ಮಾತು ಕೇಳಬೇಕಾಗಿತ್ತು ಎಂದೆ. "ಯಾರೂ ಕೇಳೂದಿಲ್ರಿ," ಎಂದ, ಸಿಟ್ಟಿಲ್ಲದೆ. "ನಮ್ಮ ಅಮ್ಮೀನೂ ನನ್ನ ಗಿಡಕ್ಕ ಕಟ್ಟಿದ್ಲು."

ಈಗ ನನ್ನ ಗಂಡನಿಗೆ ದಿನಾ ನಾಲಗೆ ಕೆಳಗೆ ಇಟ್ಟುಕೊಳ್ಳುವ ಒಂದು ಗುಳಿಗೆ ಇದೆ. ಅದು ಮೈಯ ಹಸಿವನ್ನು ತಣ್ಣಗಿಡುತ್ತದೆ, ಕೆಲಸ ಮಾಡಲು ಬಿಡುತ್ತದೆ. ಎಷ್ಟು ವರ್ಷವೋ ಗೊತ್ತಿಲ್ಲ. ಅವಸರ ಮಾಡಬೇಡಿ ಎಂದಿದ್ದಾರೆ. ಅವನು ಸಂತನೇನೂ ಆಗಿಲ್ಲ. ಎರಡು ಸಲ ಮತ್ತೆ ಎಳೆದ. ಎರಡನೆಯ ಸಲ ತಾನಾಗಿಯೇ ಹಾವೇರಿಯ ಬಸ್ಸು ಹತ್ತಿದ. ಅದನ್ನು ಡಾಕ್ಟರು ಪ್ರಗತಿ ಎಂದರು. ನನಗೆ ಆಗ ಅವನ ಕೆನ್ನೆಗೆ ಬಾರಿಸಬೇಕೆನಿಸಿತ್ತು. ಭಾವ ಮಾತ್ರ, "ಒಂದು ಬಿಟ್ಟ, ಇನ್ನೊಂದು ಹಿಡದ. ಏನು ಫರಕು?" ಎನ್ನುತ್ತಾರೆ. ಅವರು ದಿನಾ ಸಕ್ಕರೆ ಕಾಯಿಲೆಗೆ ಮೂರು ಗುಳಿಗೆ ನುಂಗುತ್ತಾರೆ. ಅವರನ್ನು ಸೀದಾ ಮಾಡಲು ಯಾರೂ ಪೈಪು ಹಿಡಿದಿಲ್ಲ.

ನಾವು ರಾಣೆಬೆನ್ನೂರಿಗೆ, ನನ್ನ ತವರಿನ ಹತ್ತಿರದ ಬಾಡಿಗೆ ಮನೆಗೆ ಬಂದು ಮೂರು ವರ್ಷವಾಯಿತು. ಅವನು ಬೀಜದ ಘಟಕವೊಂದರಲ್ಲಿ ಟೊಮೆಟೊ ಬೀಜ ಆರಿಸುವ ಕೆಲಸ ಮಾಡುತ್ತಾನೆ. ನಾನು ಬಸ್ಸಿನಲ್ಲಿ ಬ್ಯಾಡಗಿಗೆ ಹೋಗಿ ಬರುತ್ತೇನೆ. ಹೋದ ವರ್ಷ ನಮ್ಮ ಶಾಲೆಯಲ್ಲಿ ಮಾದಕ ವಸ್ತು ವಿರೋಧಿ ದಿನ ಮಾಡಿದರು. ಮುಖ್ಯ ಅತಿಥಿ ನಮ್ಮ ಭಾವ; ಶಾಲೆಗೆ ಎರಡು ಫ್ಯಾನು ಕೊಟ್ಟಿದ್ದರು. ಹಿಂದೆ ತಲೆಬುರುಡೆಯ ಚಿತ್ರ, ಮುಂದೆ ಹಾರ ಹಾಕಿಕೊಂಡ ಭಾವ. ಮನಸ್ಸು ಗಟ್ಟಿ ಇರುವವರ ಮನೆಗೆ ಈ ಪಿಡುಗು ಬರುವುದಿಲ್ಲ, ಸಂಸ್ಕಾರ ಮುಖ್ಯ ಎಂದು ಅರ್ಧ ತಾಸು ಹೇಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಅವರು ನನ್ನ ಕಡೆ ನೋಡಲಿಲ್ಲ. ನಾನು ಅವರ ಮೇಲಿಂದ ಕಣ್ಣು ತೆಗೆಯಲಿಲ್ಲ.

ಮರುದಿನ ಹತ್ತನೆಯ ತರಗತಿಯಲ್ಲಿ ಪುಸ್ತಕ ಮುಚ್ಚಿಸಿ, ಹೆರಾಯಿನ್ ಉಸಿರನ್ನು ಹೇಗೆ ನಿಲ್ಲಿಸುತ್ತದೆ, ಬಿಟ್ಟವರಿಗೆ ಯಾಕೆ ಹೆಚ್ಚು ಅಪಾಯ, ತುಟಿ ನೀಲಿಯಾದರೆ ಮೊದಲು ಏನು ಮಾಡಬೇಕು ಎಂದು ಹೇಳಿದೆ. ಒಂದು ಹುಡುಗಿ, "ಮೇಡಂ, ಮನ್ಯಾಗಿನವರು ಯಾರಿಗೂ ಹೇಳಬ್ಯಾಡ ಅಂದ್ರ?" ಎಂದು ಕೇಳಿದಳು. ಕೇಳಿದ ರೀತಿ ನೋಡಿದರೆ ಅದು ಬರೀ ಪಾಠದ ಪ್ರಶ್ನೆಯಾಗಿರಲಿಲ್ಲ. ಹೇಳು ಎಂದೆ. ತರಗತಿ ಮುಗಿದ ಮೇಲೆ ನನ್ನ ಹತ್ತಿರ ಬಾ ಎಂದೆ. ಅವಳು ಬಂದಳು.

ಮುಖ್ಯೋಪಾಧ್ಯಾಯರಿಗೆ ಈ ಪಾಠದ ಸುದ್ದಿ ಹೋಯಿತು. ಪಠ್ಯದಲ್ಲಿ ಇಲ್ಲದ್ದನ್ನು ಕಲಿಸಬೇಡಿ, ಪಾಲಕರು ಏನೆಂದುಕೊಂಡಾರು ಎಂದರು. ಏನೆಂದುಕೊಳ್ಳುತ್ತಾರೋ ಅದನ್ನು ನಾನು ಹದಿನಾಲ್ಕು ವರ್ಷ ಕೇಳಿದ್ದೇನೆ ಎಂದು ಹೇಳಿ ಸ್ಟಾಫ್ ರೂಮಿಗೆ ಬಂದೆ. ಆ ಶನಿವಾರ ಆ ಹುಡುಗಿಯನ್ನೂ ಅವಳ ತಾಯಿಯನ್ನೂ ಹಾವೇರಿಗೆ ಕರೆದುಕೊಂಡು ಹೋದೆ. ಅವಳ ಚಿಕ್ಕಪ್ಪನನ್ನು ಮನೆಯಲ್ಲಿ ಕೂಡಿಹಾಕಿದ್ದರಂತೆ. ತಾಯಿ ಬಸ್ಸಿನಲ್ಲಿ ಸೆರಗು ಮುಖಕ್ಕೆ ಎಳೆದುಕೊಂಡು ಕೂತಿದ್ದಳು. ಡಾಕ್ಟರರ ಕೋಣೆಯ ಮುಂದೆ ಪಾಳಿಯಲ್ಲಿ ಆಗಲೇ ಆರು ಮಂದಿ ಇದ್ದರು. ಅದರಲ್ಲಿ ಮೂರನೆಯವನು ನನ್ನ ಗಂಡ, ಗುಳಿಗೆಗೆ ಬಂದವನು. ನಮ್ಮನ್ನು ನೋಡಿ ಎದ್ದು, ಆ ತಾಯಿಗೆ ತನ್ನ ಜಾಗ ಬಿಟ್ಟು, "ಕುಂದ್ರಿ, ಲಗೂ ಕರೀತಾರ," ಎಂದು ಗೋಡೆಗೆ ಒರಗಿ ನಿಂತ.